12ರಿಂದ 16 ಎಚ್‌ಪಿ: ಹಳೇ ಯೆಜ್ಡಿಗೆ ಮೊದಲ ದುಡ್ಡು ಎಲ್ಲಿ ಹಾಕ್ಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೂ ಎಷ್ಟೋ ಮನೆಗಳ ಕೊಟ್ಟಿಗೇಲಿ ಅಜ್ಜನ ಕಾಲದ ಜಾವಾನೋ ಯೆಜ್ಡಿನೋ ನಿಂತಿರುತ್ತೆ. ಮೊಮ್ಮಕ್ಕಳಿಗೆ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸೋ ಆಸೆ. ಜೊತೆಗೆ ಪವರ್ರೂ ಜಾಸ್ತಿ ಆಗ್ಬೇಕು. ದುಡ್ಡು ಮಾತ್ರ ಕಮ್ಮಿ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಈ ಗಾಡಿಯ ಇತಿಹಾಸವನ್ನೇ ಲೆಕ್ಕದ ಪುಸ್ತಕದ ಥರ ನೋಡೋಣ.

ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಗಾಡಿ ತಯಾರಿಸೋಕೆ ಶುರು ಮಾಡಿದ್ದು 1961ರಲ್ಲಿ. ವಿನ್ಯಾಸ ಚೆಕೊಸ್ಲೊವಾಕಿಯಾದ್ದು. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಅನ್ನೋ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 80ರ ದಶಕದಲ್ಲಿ ಕಮ್ಮಿ ಪೆಟ್ರೋಲ್ ಕುಡಿಯೋ 100 ಸಿಸಿ ಗಾಡಿಗಳು ಬಂದ್ಮೇಲೆ ಮಾರಾಟ ಕುಸೀತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಹಳೇ ಜಾವಾ 250ರ ಶಕ್ತಿ ಸುಮಾರು 12 ಎಚ್‌ಪಿ, ರೋಡ್‌ಕಿಂಗ್‌ದು 16. ಎರಡರ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಂದ್ರೆ ಗಾತ್ರ ಬದಲಾಗದೇನೇ ಶಕ್ತಿ ಮೂರನೇ ಒಂದು ಭಾಗ ಏರಿದೆ. ನೀವು ಬೋರ್ ಮಾಡಿಸಿ 66 ಮಿ.ಮೀ. ಪಿಸ್ಟನ್ ಹಾಕಿದ್ರೂ ಸಿಗೋದು ಬರೀ 8 ಸಿಸಿ. ಬೋರ್ ಮಾಡಿಸೋದು ಸವೆದಿದ್ದನ್ನ ಸರಿ ಮಾಡೋಕೆ, ಪವರ್‌ಗಲ್ಲ.

ಹಾಗಾದ್ರೆ ಶಕ್ತಿ ಎಲ್ಲಿದೆ? ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗೋದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ. ಅಲ್ಲಿಂದ ಒತ್ತಡದಲ್ಲಿ ಮೇಲೆ ಬರ್ಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದ್ರೆ ಆ ಒತ್ತಡ ಸೋರುತ್ತೆ, ಹೊರಗಿನ ಗಾಳಿ ನುಗ್ಗಿ ಎಂಜಿನ್ ಕಾಯುತ್ತೆ. ದೊಡ್ಡ ಕಾರ್ಬ್ಯುರೇಟರ್‌ಗೆ ಹೋಲಿಸಿದ್ರೆ ಸೀಲಿನ ಬೆಲೆ ಏನೂ ಅಲ್ಲ.

ಅದಕ್ಕೇ ನನ್ನ ಪಟ್ಟಿ ಹೀಗಿದೆ: ಮೊದಲು ಲೇತ್ ಅಂಗಡೀಲಿ ಅಳತೆ. ಆಮೇಲೆ ಕ್ರ್ಯಾಂಕ್ ಬೇರಿಂಗ್, ಸೀಲು. ಸವೆದಿದ್ರೆ ಮಾತ್ರ ಬೋರ್, ಪಿಸ್ಟನ್. ನಂತರ ಪಾಯಿಂಟ್ ಟೈಮಿಂಗ್, ಸೈಲೆನ್ಸರ್ ಒಳಗಿನ ಮಸಿ. ಇಷ್ಟಾದ್ಮೇಲೂ ದುಡ್ಡು ಉಳಿದ್ರೆ ಪೋರ್ಟ್, ಕಾರ್ಬ್ಯುರೇಟರ್ ಕಡೆ ನೋಡಿ. ಸೈಲೆನ್ಸರ್ ಕೊಯ್ಯಬೇಡಿ. ಸದ್ದು ಏರುತ್ತೆ, ಎಳೆಯೋ ಶಕ್ತಿ ಇಳಿಯುತ್ತೆ.

ನಮ್ಮೂರಿಗೆ ಇನ್ನೊಂದು ಮಾತು. ಈ ಎಂಜಿನ್‌ಗೆ ಆಯಿಲ್ ಸಿಗೋದು ಪೆಟ್ರೋಲ್ ಜೊತೆಗೇ. ಆಗುಂಬೆ, ಹುಲಿಕಲ್ ಘಾಟಿ ಇಳೀವಾಗ ಗೇರಲ್ಲಿಟ್ಟು ತುಂಬಾ ಹೊತ್ತು ಆಕ್ಸಿಲರೇಟರ್ ಮುಚ್ಚಿದ್ರೆ ಪಿಸ್ಟನ್ ಒಣಗುತ್ತೆ. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ ಇನ್ನೂ ಬಿಗಿ ಇರುತ್ತೆ. ಪಿಸ್ಟನ್ ಹಿಡ್ಕೊಂಡ್ರೆ ತಿರುವಲ್ಲಿ ಹಿಂದಿನ ಚಕ್ರ ಲಾಕ್ ಆಗುತ್ತೆ, ಜೀವಕ್ಕೇ ಅಪಾಯ. ಮೊದಲ ಕೆಲವು ನೂರು ಕಿಲೋಮೀಟರ್ ಸಮತಟ್ಟು ರಸ್ತೇಲಿ ಓಡ್ಸಿ. ಇಳಿಜಾರಲ್ಲಿ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಕ್ಲಚ್ ಮೇಲೆ ಬೆರಳು ಇರ್ಲಿ.

ಮೈಸೂರಿನವರು ಕೊಟ್ಟ ಎಚ್‌ಪಿಯನ್ನ ಮೊದಲು ವಾಪಸ್ ಪಡೀರಿ. ಅದಕ್ಕಿಂತ ಹೆಚ್ಚಿಂದು ಆಮೇಲೆ ನೋಡೋಣ. ಮುಂದಿನ ಸಂಚಿಕೇಲಿ ಸಿಗೋಣ.