ಹಾಲು, ಕಾಲು, ಸಾಲು

“ತಾತಾ, ಉವಮೈ ಅಂತ ಪಾಠದಲ್ಲಿ ಐತೆ. ನಮ್ಮ ಮನೆ ಹಾಡಲ್ಲಿ ಅದೆಲ್ಲ ಇಲ್ಲ ಅಲ್ವಾ?” ಅಂತ ಮೊಮ್ಮಗಳು ಕೇಳಿದಳು. ಪೀಳಮೇಡಿನಲ್ಲಿ ಅವಳು ಓದೋದು ತಮಿಳಲ್ಲಿ. ಕನ್ನಡ ಅಂದ್ರೆ ಅವಳಿಗೆ ಅಡಿಗೆಮನೆ ಮಾತು, ಅಷ್ಟೆ. ಆ ‘ಇಲ್ಲ ಅಲ್ವಾ’ ನನಗೆ ಚುಚ್ಚಿತು. ಹಿಂದೆ ಒಬ್ಬ ಓದಿದವರೂ ನನ್ನ ಹಾಡು ಕೇಳಿ, ಇದು ಸಾಹಿತ್ಯ ಅಲ್ಲ, ಬರೀ ಕೂಲಿಯವರ ರಾಗ ಅಂದಿದ್ದರು.

ನಾನು ಏಳನೇ ತರಗತಿವರೆಗೆ ಓದಿದ್ದು ತಾಯಿಯ ಊರಿನ ಕಡೆ, ತಾಳವಾಡಿ ಸೀಮೆಯಲ್ಲಿ, ಕನ್ನಡದಲ್ಲೇ. ಆಗ ಅದು ನಮ್ಮ ಕೋವೈ ಜಿಲ್ಲೆಗೇ ಸೇರಿತ್ತು. ಅಲ್ಲಿ ಕಲಿತದ್ದು ನೆನಪು ಮಾಡಿಕೊಂಡು ಹೇಳಿದೆ. ‘ಹತ್ತಿಕಾಯಿ ಬಿರಿದಂಗೆ ನಕ್ಕಳು’ ಅಂತ ಇಟ್ಟುಕೊ. ನಗು ಉಪಮೇಯ. ಬಿರಿದ ಹತ್ತಿ ಉಪಮಾನ. ‘ಅಂಗೆ’ ಅನ್ನೋದು ಉಪಮಾವಾಚಕ. ಎರಡಕ್ಕೂ ಸೇರಿದ ಬಿಳುಪು ಸಮಾನಧರ್ಮ. ಬಿಳುಪು ಅಂತ ಬಾಯಿಬಿಟ್ಟು ಹೇಳಿಲ್ಲ, ಹತ್ತಿ ಬಿಡಿಸಿದವರಿಗೆ ಹೇಳಬೇಕಾಗೂ ಇಲ್ಲ. ಹಂಗೆ ಒಂದು ಅಂಗ ಬಿಟ್ಟರೆ ಲುಪ್ತೋಪಮೆ. ‘ಅವಳ ನಗುವೇ ಬಿರಿದ ಹತ್ತಿ’ ಅಂದ್ರೆ ರೂಪಕ, ತಮಿಳಲ್ಲಿ ಉರುವಗಂ.

ಈ ಲೆಕ್ಕಾಚಾರ ನಮಗೂ ಅವರಿಗೂ ಬಂದದ್ದು ಒಂದೇ ಕಡೆಯಿಂದ. ಸುಮಾರು 700ರ ಹೊತ್ತಿಗೆ ಪಲ್ಲವರ ಕಂಚಿಯಲ್ಲಿದ್ದ ದಂಡಿ ಸಂಸ್ಕೃತದಲ್ಲಿ ‘ಕಾವ್ಯಾದರ್ಶ’ ಬರೆದ. 850ರ ಆಸುಪಾಸು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಅದನ್ನು ಆಧಾರ ಮಾಡಿಕೊಂಡು ‘ಕವಿರಾಜಮಾರ್ಗ’ ಬರೆದ. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಅದೇ ಹಳೇದು. ಆಮೇಲೆ ತಮಿಳಲ್ಲಿ ‘ದಂಡಿಯಲಂಕಾರಂ’ ಹುಟ್ಟಿತು. ಕಂಚಿಯ ವಿದ್ಯೆ ಕಲಬುರಗಿ ಕಡೆಯ ಮಾನ್ಯಖೇಟಕ್ಕೆ ಮೊದಲು ಹೋಗಿ ಕನ್ನಡವಾಯಿತು, ಮಗ್ಗುಲಲ್ಲಿದ್ದ ತಮಿಳಿಗೆ ತಡವಾಗಿ ಬಂತು. ಇದು ನನಗೆ ಸೋಜಿಗ.

ಓದು ಕಲಿಯದ ಜನಕ್ಕೂ ಕಾವ್ಯದ ಬುದ್ಧಿ ಉಂಟು ಅಂತ ಶ್ರೀವಿಜಯ ಬರೆದಿದ್ದಾನೆ. ಕೂಲಿಯವರ ರಾಗ ಅಂದವರಿಗೆ ಆವತ್ತು ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳಿರುತ್ತಿದ್ದೆ.

ಆದರೆ ಪ್ರಾಸದ ವಿಷಯ ಬೇರೆ. ಅದು ಈ ಮಣ್ಣಿನದೇ. ಸಾಲಿನ ಮೊದಲ ಪದದಲ್ಲಿ ಎರಡನೇ ಅಕ್ಷರ ಒಂದೇ ಆಗಬೇಕು. ತಮಿಳಿನವರು ಎದುಗೈ ಅಂತಾರೆ. ನಾನು ಹಾಡುವ ಒಂದು ಹಾಡಿನಲ್ಲಿ ಮೂರು ಸಾಲು ಹಾಲು, ಕಾಲು, ಸಾಲು ಅಂತ ಶುರುವಾಗುತ್ತವೆ. ಮೊದಲಕ್ಷರ ದೀರ್ಘ, ಅದಕ್ಕೆ ಗಜಪ್ರಾಸ ಅಂತ ಹೆಸರು. ಸಾಲು ಅಂದ್ರೆ ಇಲ್ಲಿ ನೇಗಿಲ ಸಾಲು. ಮೊಮ್ಮಗಳು ತಮಿಳಲ್ಲಿ ಹೇಳಿ ನೋಡಿದಳು: ಪಾಲ್, ಕಾಲ್, ಸಾಲ್. ಪ್ರಾಸ ಕೆಡಲಿಲ್ಲ! ಮೊದಲಕ್ಷರ ಬದಲಾದರೂ ಎರಡನೇದು ಹಿಡಿದುಕೊಂಡೇ ನಿಂತಿತ್ತು. ಶ್ರೀವಿಜಯನ ಕಾಲದ ಕನ್ನಡದಲ್ಲೂ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’, ಹಗಲು ‘ಪಗಲ್’. “ಹಂಗಾದ್ರೆ ನಾನು ಹೇಳಿದ್ದು ಹಳೇ ಕನ್ನಡವಾ?” ಅಂದಳು. ಪೂರ್ತಿ ಅಲ್ಲ, ಆದರೆ ಹತ್ತಿರ ಅಂದೆ. ಮೇಷ್ಟ್ರುಗಳು, ತಪ್ಪಿದ್ದರೆ ತಿದ್ದಬೇಕು.

ಆ ಹಾಡನ್ನು ಅವಳು ತನ್ನ ನೋಟುಪುಸ್ತಕದಲ್ಲಿ ಇಳಿಸಿಕೊಂಡಿದ್ದಾಳೆ. ತಮಿಳು ಅಕ್ಷರದಲ್ಲೇ. ಮೂರು ಕಡೆ ಎರಡನೇ ಅಕ್ಷರಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾಳೆ.