ಗವಾನರ ಖಜಾನೆಯಲ್ಲಿ ಏನಿತ್ತು?

ಕ್ರಿ.ಶ. 1481ರ ಎಪ್ರಿಲ್ ತಿಂಗಳಲ್ಲಿ, ಕೊಂಡಪಲ್ಲಿಯ ದಂಡಿನ ಬೀಡಿನಲ್ಲಿ, ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ತನ್ನ ವಝೀರ್ ಮಹ್ಮೂದ್ ಗವಾನರ ಶಿರಚ್ಛೇದಕ್ಕೆ ಆಜ್ಞೆಯಿತ್ತನು. ವಿರೋಧಿಗಳು ಗವಾನರ ಮುದ್ರೆಯಿದ್ದ ಖಾಲಿ ಹಾಳೆಯೊಂದನ್ನು ವಂಚನೆಯಿಂದ ಪಡೆದು, ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರವನ್ನು ಹೆಣೆದಿದ್ದರು. ವಿಚಾರಣೆಯೆಂಬುದೇ ನಡೆಯಲಿಲ್ಲ. ಎಪ್ಪತ್ತರ ಆಚೀಚಿನ ಪ್ರಾಯದ ಆ ವೃದ್ಧರಿಗೆ ವಸಿಯ್ಯತ್ ಬರೆಯುವ ಬಿಡುವಾಗಲಿ, ಆಸ್ತಿಯನ್ನು ಹಂಚುವ ಅವಕಾಶವಾಗಲಿ ದೊರೆಯಲಿಲ್ಲ.

ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬೀದರಿನಲ್ಲಿ ನೆಲೆಸಿ, ಸಾಮ್ರಾಜ್ಯದ ಅತ್ಯುನ್ನತ ಪದವಿಗೇರಿದ್ದವರು ಗವಾನರು. ಅಂಥವರು ಅಪಾರ ಸಂಪತ್ತನ್ನು ಕೂಡಿಟ್ಟಿರಲೇಬೇಕೆಂದು ಸುಲ್ತಾನನು ಭಾವಿಸಿದ್ದು ಸಹಜ. ಅವನು ಅವರ ಖಜಾಂಚಿಯನ್ನು ಕರೆಸಿದನು. ಬಿಜಾಪುರದಲ್ಲಿದ್ದುಕೊಂಡು ದಖ್ಖನಿನ ಚರಿತ್ರೆ ಬರೆದ ಫಿರಿಶ್ತಾ ಮುಂದಿನ ಸಂಗತಿಯನ್ನು ವಿವರವಾಗಿ ದಾಖಲಿಸಿದ್ದಾನೆ.

ವಝೀರರಿಗೆ ಎರಡು ಖಜಾನೆಗಳಿದ್ದವು ಎಂದು ಖಜಾಂಚಿ ತಿಳಿಸಿದನು. ಒಂದು ರಾಜನದು: ಜಹಗೀರಿನ ಉತ್ಪತ್ತಿ ಅಲ್ಲಿಗೆ ಸೇರಿ ಸೈನಿಕರಿಗೂ ಆನೆ ಕುದುರೆಗಳಿಗೂ ವೆಚ್ಚವಾಗುತ್ತಿತ್ತು. ಇನ್ನೊಂದು ಬಡವರದು, ಅದರಲ್ಲಿ ಆಗ ಉಳಿದಿದ್ದದ್ದು 300 ಲಾರೀ. (ಲಾರೀ ಎಂಬುದು ಆ ಕಾಲದಲ್ಲಿ ಪರ್ಷಿಯಾ ಕೊಲ್ಲಿಯ ವ್ಯಾಪಾರದಲ್ಲಿ ಓಡಾಡುತ್ತಿದ್ದ ಬೆಳ್ಳಿಯ ನಾಣ್ಯ.) ಹಾಗಾದರೆ ಗವಾನರ ಸ್ವಂತದ್ದು? ಊರಿನಿಂದ ಬರುವಾಗ ತಂದಿದ್ದ 40,000 ಲಾರೀಗಳ ಬಂಡವಾಳವನ್ನು ಅವರು ವ್ಯಾಪಾರದಲ್ಲಿ ತೊಡಗಿಸಿದ್ದರು. ಅದರ ಲಾಭದಿಂದ ದಿನಕ್ಕೆ 12 ಲಾರೀಗಳನ್ನು ತಮ್ಮ ಅನ್ನ ಬಟ್ಟೆಗೆ ಬಳಸಿಕೊಂಡು, ಉಳಿದುದನ್ನು ತಾಯಿಗೂ ಬಂಧುಗಳಿಗೂ ದೂರದೇಶದ ಬಡವರಿಗೂ ಕಳುಹಿಸುತ್ತಿದ್ದರು.

ವಿರೋಧಿಗಳು ಅಷ್ಟಕ್ಕೇ ಬಿಡಲಿಲ್ಲ. ನಿಜವಾದ ಐಶ್ವರ್ಯ ಬೀದರಿನಲ್ಲಿ ಅಡಗಿರಬೇಕೆಂದರು. ಆಗ ಸುಲ್ತಾನನು ಸೇವಕರನ್ನು ಒಬ್ಬೊಬ್ಬರಾಗಿ ವಿಚಾರಿಸಿದನು. ಡೇರೆ ಜಮಖಾನೆಗಳ ಮೇಲ್ವಿಚಾರಕನು, ಇರುವುದೆಲ್ಲ ಈ ಬೀಡಿನಲ್ಲೇ ಇದೆ, ಉಳಿದದ್ದು ಮಸೀದಿ ಮದ್ರಸಗಳಲ್ಲಿ ಹಾಸಿರುವ ಚಾಪೆಗಳು, ಒಡೆಯರು ಮಲಗುತ್ತಿದ್ದುದೂ ಚಾಪೆಯ ಮೇಲೆಯೇ ಎಂದನು. ಪಾತ್ರೆಗಳೇನೋ ಇವೆ, ಆದರೆ ಒಡೆಯರ ಅಡುಗೆ ಮಣ್ಣಿನ ಮಡಕೆಯಲ್ಲಿ ಆಗುತ್ತಿತ್ತು ಎಂದನು ಪಾಕಶಾಲೆಯವನು. ಗ್ರಂಥಪಾಲಕನು 3,000 ಗ್ರಂಥಗಳಿರುವುದನ್ನು ಒಪ್ಪಿಕೊಂಡನು. ಆದರೆ ಅವೆಲ್ಲವೂ ಮದ್ರಸದ ವಿದ್ಯಾರ್ಥಿಗಳಿಗೆ ಮೀಸಲಾದವು.

ಈ ವೃತ್ತಾಂತ ಬರೆಯಲ್ಪಟ್ಟದ್ದು ಗವಾನರ ಮರಣದ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ. ಅಭಿಮಾನವು ಅದಕ್ಕೆ ಒಂದಿಷ್ಟು ಬಣ್ಣ ಹಚ್ಚಿರಬಹುದು. ಆದರೂ ನಮ್ಮನ್ನು ಸೆಳೆಯುವುದು ಚಾಪೆಯೂ ಅಲ್ಲ, ಮಡಕೆಯೂ ಅಲ್ಲ. ಸರಳ ಜೀವನದ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಗವಾನರ ಬಳಿ ವಸ್ತುಗಳು ಇದ್ದವು, ಧಾರಾಳವಾಗಿಯೇ ಇದ್ದವು. ಆದರೆ ಪ್ರತಿಯೊಂದಕ್ಕೂ ಅದರ ಹಕ್ಕುದಾರ ಯಾರೆಂಬುದು ಮೊದಲೇ ಗೊತ್ತಾಗಿತ್ತು, ಅದೂ ಸೇವಕನಿಗೂ ತಿಳಿದಿರುವಷ್ಟು ಸ್ಪಷ್ಟವಾಗಿ.

ಇದರ ಬೇರು ಇಸ್ಲಾಮಿನ ಮೊದಲ ಪೀಳಿಗೆಯಲ್ಲಿದೆ. ಹಿಜರಿ 13ರಲ್ಲಿ ಮರಣಶಯ್ಯೆಯಲ್ಲಿದ್ದ ಹಝ್ರತ್ ಅಬೂಬಕರ್(ರ) ಖಲೀಫರಾದ ಬಳಿಕ ತಮ್ಮ ಸ್ವತ್ತಿಗೆ ಏನೇನು ಸೇರಿತೆಂದು ಲೆಕ್ಕ ಹಾಕಿಸಿದರು. ಒಬ್ಬ ಸೇವಕ, ನೀರು ಹೊರುವ ಒಂದು ಒಂಟೆ, ಒಂದು ಹಳೆಯ ಹೊದಿಕೆ. ಇಷ್ಟನ್ನೂ ಮುಂದಿನ ಖಲೀಫರಿಗೆ ಒಪ್ಪಿಸಲು ಹೇಳಿದರು. ಅವು ತಲುಪಿದಾಗ ಹಝ್ರತ್ ಉಮರ್(ರ) ಅತ್ತರು. ತಮ್ಮ ನಂತರದವರಿಗೆ ಅಬೂಬಕರ್ ಎಷ್ಟು ಕಠಿಣವಾದ ಮಾದರಿಯನ್ನು ಬಿಟ್ಟುಹೋದರೆಂಬುದೇ ಅವರ ಉದ್ಗಾರವಾಗಿತ್ತು.

ಆದರೆ ಬಿಟ್ಟುಕೊಡುವುದಕ್ಕೂ ಒಂದು ಮಿತಿಯಿದೆ. ಪ್ರವಾದಿ(ಸ)ಯವರ ವಿದಾಯ ಹಜ್ಜಿನ ವರ್ಷ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರವಾಗಿ ಅಸ್ವಸ್ಥರಾದರು. ಅವರಿಗಿದ್ದ ವಾರಸುದಾರರಲ್ಲಿ ಮಗಳೊಬ್ಬಳೇ ಸಂತಾನ. ಸಂಪತ್ತಿನ ಮೂರನೇ ಎರಡು ಭಾಗವನ್ನು ದಾನ ಮಾಡಲೇ ಎಂದು ಕೇಳಿದರು, ಬೇಡವೆಂದರು ಪ್ರವಾದಿ(ಸ). ಅರ್ಧ? ಅದೂ ಬೇಡ. ಮೂರನೇ ಒಂದಕ್ಕೆ ಒಪ್ಪಿಗೆ ದೊರೆಯಿತು, ಅದೂ ಹೆಚ್ಚೇ ಎಂಬ ಮಾತಿನೊಂದಿಗೆ. ವಾರಸುದಾರರನ್ನು ಪರರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ನೆಮ್ಮದಿಯಲ್ಲಿ ಬಿಟ್ಟುಹೋಗುವುದು ಮೇಲೆಂದು ಅವರು ತಿಳಿಸಿದರು. ಅಂದು ಮರಣದ ಸಿದ್ಧತೆಯಲ್ಲಿದ್ದ ಸಅದ್(ರ) ಚೇತರಿಸಿಕೊಂಡು, ಖಾದಿಸಿಯ್ಯಾದ ರಣರಂಗದಲ್ಲಿ ಸೇನಾಪತಿಯಾಗಿ, ದಶಕಗಳ ಕಾಲ ಬದುಕಿ ಅನೇಕ ಮಕ್ಕಳ ತಂದೆಯಾದರು ಎಂಬುದನ್ನೂ ನೆನೆಯಬೇಕು.

ದಾನಕ್ಕೆ ಶ್ರೇಷ್ಠವಾದ ಸಮಯ ಯಾವುದೆಂಬ ಪ್ರಶ್ನೆಗೆ ಪ್ರವಾದಿ(ಸ) ನೀಡಿದ ಉತ್ತರ ನಮ್ಮ ಅನೇಕ ಮನೆಗಳ ಹಿರಿಯರನ್ನು ತಟ್ಟಬೇಕಾದದ್ದು: ಆರೋಗ್ಯವಿರುವಾಗ, ಹಣದ ಮೇಲೆ ಆಸೆಯಿರುವಾಗ, ಬಡತನದ ಭಯ ಇನ್ನೂ ಕಾಡುತ್ತಿರುವಾಗ. ಪ್ರಾಣ ಗಂಟಲಿಗೆ ಬಂದ ಮೇಲೆ ಇದು ಇವನಿಗೆ, ಅದು ಅವನಿಗೆ ಎನ್ನುವುದರಲ್ಲಿ ಅರ್ಥವಿಲ್ಲ. ಅಷ್ಟರಲ್ಲಿ ಅದು ಅವರದಾಗಿಬಿಟ್ಟಿರುತ್ತದೆ. ನಲವತ್ತು ವರ್ಷಗಳಿಂದ ತೆರೆಯದ ಪೆಟ್ಟಿಗೆ, ಉಡದೆ ಮಡಿಸಿಟ್ಟ ಸೀರೆ, ಯಾರ ಹೆಸರಿನಲ್ಲಿದೆಯೆಂದು ಮಕ್ಕಳಿಗೇ ತಿಳಿಯದ ಜಮೀನಿನ ಪತ್ರ: ಮಯ್ಯಿತ್ ಮನೆಯಿಂದ ಹೊರಟ ವಾರದೊಳಗೆ ಇವುಗಳ ಸುತ್ತ ಒಡಹುಟ್ಟಿದವರು ಮಾತು ಬಿಡುವುದನ್ನು ನಾವು ಕಾಣುತ್ತಲೇ ಇದ್ದೇವೆ. ಅತ್ತ ಮಕ್ಕಳ ಒತ್ತಾಯಕ್ಕೆ ಮಣಿದು ಎಲ್ಲವನ್ನೂ ಬರೆದುಕೊಟ್ಟು, ಔಷಧದ ಹಣಕ್ಕೂ ಅವರ ಮುಖ ನೋಡುವ ತಾಯಂದಿರೂ ಇದ್ದಾರೆ. ಗವಾನರು ಕೊನೆಯವರೆಗೂ ತಮ್ಮ ಬಂಡವಾಳವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡಿದ್ದರು. ಕಳುಹಿಸುತ್ತಿದ್ದುದು ಅದರ ಲಾಭವನ್ನು.

ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡನು. 1472ರಲ್ಲಿ ಗವಾನರು ಕಟ್ಟಿಸಿದ ಮದ್ರಸ ಮೊಗಲರ ಕಾಲದಲ್ಲಿ, 1696ರಲ್ಲಿ, ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಬಹುಭಾಗ ಉರುಳಿತು. ನೀಲಿ ಹೆಂಚುಗಳು ಅಲ್ಲಲ್ಲಿ ಉಳಿದಿರುವ ಮಿನಾರವೊಂದು ಇಂದಿಗೂ ನಿಂತಿದೆ. ಬಹಮನಿ ಸುಲ್ತಾನರ ಗೋರಿಗಳು ಬೀದರಿನ ಹೊರಗೆ ಅಷ್ಟೂರಿನಲ್ಲಿ ಎತ್ತರದ ಗುಂಬಜುಗಳ ಕೆಳಗಿವೆ. ಗವಾನರ ಗೋರಿ ಗೋರ್ನಳ್ಳಿಯ ಬಳಿ ಬಯಲಿನಲ್ಲಿದೆ. ಅದಕ್ಕೆ ಗುಂಬಜಿಲ್ಲ.