ತುಳುನಾಡಿನ ಗುತ್ತು-ಬೀಡುಗಳ ಮನೆ: ರಚನೆ, ಕಾಲನಿರ್ಣಯ, ಗ್ರಂಥಸಂಚಯ

ತುಳುನಾಡಿನ ಜೈನ ಇತಿಹಾಸವನ್ನು ಬರೆದ ವಿದ್ವಾಂಸರು ಬಹುಮಟ್ಟಿಗೆ ಕಲ್ಲನ್ನು ಆಶ್ರಯಿಸಿದ್ದಾರೆ. ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ (1430), ಕಾರ್ಕಳದ ಗೊಮ್ಮಟ (1432), ವೇಣೂರಿನ ಗೊಮ್ಮಟ (1604) ಈ ಮೂರಕ್ಕೂ ಶಾಸನಗಳ ಆಧಾರವುಂಟು. ಕಾಲದ ವಿಷಯದಲ್ಲಿ ಹೆಚ್ಚಿನ ವಾದಕ್ಕೆ ಅವಕಾಶವಿಲ್ಲ. ಆದರೆ ಬಸದಿಗಳ ನಿತ್ಯಪೂಜೆಗೆ ಅಕ್ಕಿ, ಎಣ್ಣೆಗಳನ್ನು ಒದಗಿಸಿದ, ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡಿಸಿ ದಾನವಿತ್ತ ಮನೆತನಗಳು ಬಾಳಿ ಬದುಕಿದ ಮನೆಗಳ ಮೇಲೆ ಶಾಸನವಿಲ್ಲ. ಮಣ್ಣು, ಮುರಕಲ್ಲು, ಮರಗಳಿಂದ ಕಟ್ಟಿದ ಆ ಬೇಸಾಯದ ಮನೆಗಳು ಇತಿಹಾಸಕಾರರ ದೃಷ್ಟಿಗೆ ಬಿದ್ದುದು ಕಡಿಮೆ. ಅಂಥ ಮನೆಗಳ ರಚನೆಯನ್ನು ಸಂಗ್ರಹವಾಗಿ ನಿರೂಪಿಸುವುದು, ಅವುಗಳ ಕಾಲನಿರ್ಣಯದ ಕ್ರಮವನ್ನು ಸೂಚಿಸುವುದು, ಹಸ್ತಪ್ರತಿಗಳ ಅಧ್ಯಯನಕ್ಕೆ ಮನೆಯ ದಾಖಲಾತಿ ಏಕೆ ಅಗತ್ಯವೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುತ್ತು ಮತ್ತು ಬೀಡು

ಬೀಡು ಎಂಬುದು ಹಳೆಯ ಮಾತು. ಶಾಸನಗಳಲ್ಲಿ ಬರುವ ‘ನೆಲೆವೀಡು’ ಎಂಬಲ್ಲಿ ಇದೇ ಶಬ್ದವಿದೆ. ಅಲ್ಲಿ ಅದು ಅರಸನು ನೆಲೆಸಿದ ಸ್ಥಳವನ್ನು ಸೂಚಿಸುತ್ತದೆ. ತುಳುನಾಡಿನಲ್ಲಿ ಬಲ್ಲಾಳರ, ಹೆಗ್ಗಡೆಗಳ ಮನೆಗೆ ಬೀಡು ಎಂಬ ಹೆಸರು ನಿಂತಿತು. ಧರ್ಮಸ್ಥಳದ ಐತಿಹ್ಯವೂ ನೆಲ್ಯಾಡಿ ಬೀಡು ಎಂಬ ಜೈನ ಮನೆಯಿಂದಲೇ ಆರಂಭವಾಗುತ್ತದೆ. ಗುತ್ತು ಎಂಬುದನ್ನು ‘ಗುತ್ತಿಗೆ’ ಶಬ್ದದೊಡನೆ ಸಂಬಂಧಿಸಿ ವಿವರಿಸುವುದುಂಟು. ಬಂಟರಲ್ಲಿಯೂ ಜೈನರಲ್ಲಿಯೂ ಗುತ್ತಿನ ಮನೆತನಗಳಿವೆ. ಗ್ರಾಮದ ನ್ಯಾಯತೀರ್ಮಾನ, ದೈವದ ನೇಮದ ಹೊಣೆ, ಗೇಣಿಯ ವಸೂಲಿ ಇವೆಲ್ಲ ಗುತ್ತಿನವರಿಗೆ ಸೇರಿದ್ದವು. ಆದುದರಿಂದ ಗುತ್ತಿನ ಮನೆಯೆಂದರೆ ಒಂದು ಕುಟುಂಬದ ವಾಸಸ್ಥಾನ ಮಾತ್ರವಲ್ಲ. ಅದು ಕಚೇರಿ, ಕಣಜ, ದೈವಸ್ಥಾನ ಮತ್ತು ಗ್ರಂಥಾಲಯಗಳೂ ಆಗಿತ್ತು.

ಇಲ್ಲಿನ ಜೈನರೂ ಬಂಟರಂತೆ ಅಳಿಯಸಂತಾನವನ್ನು ಅನುಸರಿಸಿದವರು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು. ಆಡಳಿತ ಯಜಮಾನನಾದ ಸೋದರಮಾವನ ಕೈಯಲ್ಲಿತ್ತು. ಅವಿಭಕ್ತವಾದ ಇಂಥ ದೊಡ್ಡ ಕುಟುಂಬಕ್ಕೆ ತಕ್ಕಂತೆ ಮನೆಯೂ ಬೆಳೆಯಿತು ಎಂಬುದನ್ನು ಅದರ ನಕ್ಷೆಯನ್ನು ಓದುವಾಗ ನೆನಪಿನಲ್ಲಿಡಬೇಕು.

ನಿವೇಶನ ಮತ್ತು ರಚನೆ

ಕರಾವಳಿಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುರಿಯುತ್ತದೆ. ಮನೆಯ ರೂಪವನ್ನು ನಿರ್ಧರಿಸಿದ ಮೊದಲ ಕಾರಣ ಇದೇ. ಇಲ್ಲಿಯ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ನಡುವಣ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಮನೆ ಸಾಮಾನ್ಯವಾಗಿ ಬೈಲಿನ ಅಂಚಿಗೆ, ಗುಡ್ಡದ ಬುಡದಲ್ಲಿ, ನೆರೆ ತಾಕದ ಎತ್ತರದಲ್ಲಿ ನಿಲ್ಲುತ್ತದೆ. ಎದುರಿಗೆ ಗದ್ದೆ, ಹಿಂದೆ ಸೊಪ್ಪು-ಸೌದೆಯ ಕಾಡು, ಬದಿಯಲ್ಲಿ ತೋಟ ಮತ್ತು ನಾಗಬನ.

ಗದ್ದೆಯ ಕಡೆಯಿಂದ ಬಂದವನಿಗೆ ಮೊದಲು ಸಿಗುವುದು ಪಡಿಪ್ಪಿರೆ, ಎಂದರೆ ಮಾಡು ಹೊದಿಸಿದ ಹೆಬ್ಬಾಗಿಲು. ಅದನ್ನು ದಾಟಿದರೆ ಸೆಗಣಿ ಸಾರಿಸಿದ ವಿಶಾಲವಾದ ಅಂಗಳ. ಭತ್ತವನ್ನು ಬಡಿಯುವುದು, ಒಣಗಿಸುವುದು, ಹುಲ್ಲಿನ ಹಗ್ಗದಿಂದ ಸುತ್ತಿ ತುಪ್ಪೆ ಕಟ್ಟುವುದು ಎಲ್ಲವೂ ಇಲ್ಲಿಯೇ. ಅಂಗಳದಿಂದ ಮೆಟ್ಟಿಲೇರಿದರೆ ಜಗಲಿ, ಅದರ ಮೇಲೆ ಕಂಬಗಳ ಸಾಲಿನಿಂದ ಕೂಡಿದ ಚಾವಡಿ. ಚಾವಡಿಯೇ ಮನೆಯ ಮುಖ. ಕೆತ್ತನೆಯ ಕಂಬ, ಬೋದಿಗೆ, ತೊಲೆಗಳೆಲ್ಲ ಇಲ್ಲಿಗೆ ಮೀಸಲು. ದೈವದ ಉಯ್ಯಾಲೆ, ಮಂಚಗಳು ಚಾವಡಿಯ ಒಂದು ಬದಿಯಲ್ಲಿ ಇರುತ್ತವೆ. ಒಳಗೆ ಹೋದಂತೆ ನಡುಮನೆ, ಕತ್ತಲೆಯ ಕೋಣೆಗಳು, ಮರದ ಪತ್ತಾಯ ಅಥವಾ ಕಣಜ, ಅಡುಗೆಮನೆ. ಬಾವಿ ಅಡುಗೆಮನೆಗೆ ತಾಗಿಯೇ ಇರುವುದುಂಟು. ನೀರನ್ನು ಸೋಸಿಯೇ ಬಳಸುವ ಜೈನಗೃಹದಲ್ಲಿ ಇದಕ್ಕೆ ವಿಶೇಷ ಪ್ರಯೋಜನವಿದೆ. ಅನುಕೂಲವಿದ್ದ ಮನೆಗಳಲ್ಲಿ ನಾಲ್ಕೂ ಪಾರ್ಶ್ವಗಳು ಕೂಡಿಕೊಂಡು ನಡುವೆ ತೆರೆದ ಅಂಗಳವುಳ್ಳ ಚೌಕಿಮನೆಯಾಗುತ್ತದೆ. ಮೇಲೆ ಉಪ್ಪರಿಗೆ, ಅದಕ್ಕೂ ಮೇಲೆ ಅಟ್ಟ.

ಗೋಡೆಗೆ ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ವರ್ಣಿಸಿದನು. ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಳಕೆಗೆ ಬಂದುದು ಅಲ್ಲಿಂದ. ಮರಗಳಲ್ಲಿ ಹಲಸು, ಹೆಬ್ಬಲಸು, ಬೋಗಿ, ಸಾಗುವಾನಿಗಳು ಮುಖ್ಯ. ಮಾಡಿಗೆ ಮೊದಲು ಮುಳಿಹುಲ್ಲು ಅಥವಾ ಬೈಹುಲ್ಲು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹಂಚು ಕ್ರಮೇಣ ಹಳ್ಳಿಗಳಿಗೂ ಬಂದಿತು.

ಮೂಡುಬಿದಿರೆಯ ಚೌಟರ ಅರಮನೆ ಇದೇ ಜಾತಿಯ ರಚನೆಯ ಸಮೃದ್ಧ ರೂಪ. ಉಳ್ಳಾಲ, ಪುತ್ತಿಗೆಗಳಲ್ಲಿ ಆಳಿ ಅನಂತರ ಮೂಡುಬಿದಿರೆಯಲ್ಲಿ ನೆಲೆಸಿದ ಈ ಜೈನ ಮನೆತನದ ಚಾವಡಿಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಗಳಿವೆ. ಒಂಬತ್ತು ಸ್ತ್ರೀಯರ ದೇಹಗಳು ಹೆಣೆದು ಆನೆಯಾಗುವ, ಐವರು ಹೆಣೆದು ಕುದುರೆಯಾಗುವ ಈ ಶಿಲ್ಪಗಳನ್ನು ಕಂಡವರು ಇದನ್ನು ಅರಮನೆಯೆಂದೇ ಭಾವಿಸುವುದು ಸಹಜ. ಆದರೆ ನಕ್ಷೆಯ ತತ್ತ್ವವನ್ನು ಗಮನಿಸಿದರೆ ಅಂಗಳ, ಜಗಲಿ, ಚಾವಡಿಗಳ ಕ್ರಮ ಬೇಸಾಯದ ಮನೆಯದೇ. ಇಲ್ಲಿ ಅರಸನ ಮನೆಗೂ ರೈತನ ಮನೆಗೂ ಇದ್ದ ಅಂತರ ಪ್ರಮಾಣದ್ದು, ಜಾತಿಯದಲ್ಲ. ಇಳಿಜಾರಾದ ಮಾಡುಗಳನ್ನು ಕಲ್ಲಿನಲ್ಲಿ ಪಡಿಮೂಡಿಸಿದ ಮೂಡುಬಿದಿರೆಯ ಬಸದಿಗಳೂ ಈ ಮನೆಗಳಿಗೆ ಋಣಿಯಾಗಿವೆ ಎನ್ನಬಹುದು.

ಕಾಲನಿರ್ಣಯದ ಸಮಸ್ಯೆ

ಮನೆಯವರನ್ನು ಕೇಳಿದರೆ ‘ಐನೂರು ವರ್ಷದ ಮನೆ’ ಎಂಬ ಉತ್ತರ ಬರುವುದುಂಟು. ಇದನ್ನು ಹಾಗೆಯೇ ಒಪ್ಪುವುದೂ ತಪ್ಪು, ಕಡೆಗಣಿಸುವುದೂ ತಪ್ಪು. ಗೆದ್ದಲು ಮತ್ತು ಮಳೆಗಳ ನಾಡಿನಲ್ಲಿ ಮಾಡಿನ ಮರ ಅಷ್ಟು ದೀರ್ಘಕಾಲ ಉಳಿಯುವುದು ವಿರಳ. ಆದರೆ ಪಂಚಾಂಗ ಅಲ್ಲಿಯೇ ಇರುತ್ತದೆ. ಗೋಡೆಯ ಕೆಲಭಾಗ ಉಳಿಯುತ್ತದೆ. ಹಳೆಯ ಕಂಬಗಳನ್ನು ಹೊಸ ಚಾವಡಿಗೆ ಎತ್ತಿ ನಿಲ್ಲಿಸುತ್ತಾರೆ. ಮನೆ ಒಂದೇ ಸಲ ಬರೆದ ಗ್ರಂಥವಲ್ಲ. ಜೀರ್ಣವಾದ ಗರಿಗಳನ್ನು ತೆಗೆದು ಹೊಸ ಗರಿಗಳನ್ನು ಸೇರಿಸುತ್ತ ಬಂದ ಕಟ್ಟು. ಪ್ರತಿಯೊಂದು ಗರಿಯ ಲಿಪಿಯನ್ನೂ ಬೇರೆಯಾಗಿ ಪರೀಕ್ಷಿಸುವ ಸಂಪಾದಕನ ಕ್ರಮವೇ ಇಲ್ಲಿಗೂ ಯುಕ್ತವಾದುದು.

ಉದಾಹರಣೆಗೆ, ಕಾರ್ಖಾನೆಯ ಮುದ್ರೆಯೊಡನೆ 1865 ಎಂಬ ವರ್ಷವನ್ನೂ ಹೊತ್ತ ಹಂಚು ಮಾಡಿನ ಮೇಲಿದ್ದರೆ, ಆ ಹೊದಿಕೆ ಅದಕ್ಕಿಂತ ಹಿಂದಿನದಲ್ಲವೆಂದು ಮಾತ್ರ ಸಿದ್ಧವಾಗುತ್ತದೆ. ಮನೆಯ ಕಾಲ ಅದರಿಂದ ತಿಳಿಯದು. ಹುಲ್ಲಿಗೂ ಹಂಚಿಗೂ ಬೇಕಾದ ಇಳಿಜಾರು, ಪಕಾಸುಗಳ ಅಂತರ ಬೇರೆಬೇರೆ. ಗೋಡೆಯ ತಲೆಯಲ್ಲಿ ಹಳೆಯ ತೊಲೆ ಕೂತಿದ್ದ ಗುಳಿ ಉಳಿದಿದ್ದರೆ ಹಿಂದಿನ ಮಾಡಿನ ಎತ್ತರ ದೊರೆಯುತ್ತದೆ. ಕಂಬದ ಮೇಲೆ ಈಗ ಬಳಕೆಯಲ್ಲಿಲ್ಲದ ಕಚ್ಚು, ತೂತುಗಳಿದ್ದರೆ ಅದು ಬೇರೊಂದು ರಚನೆಯಿಂದ ಬಂದುದೆಂಬುದಕ್ಕೆ ಸಾಕ್ಷಿ. ಅಳತೆಯೂ ಪ್ರಮಾಣವೇ. ಹಳೆಯ ಬಡಗಿಗಳು ಇಪ್ಪತ್ತನಾಲ್ಕು ಅಂಗುಲದ ಕೋಲಿನಿಂದ ಅಳೆದವರು. ಬಾವಿಯ ಆಳವನ್ನು ಕೋಲಿನಲ್ಲಿ ಹೇಳುವ ರೂಢಿ ಈ ಪ್ರದೇಶದಲ್ಲಿ ಇಂದಿಗೂ ಇದೆ. ಕೋಲಿನ ಲೆಕ್ಕಕ್ಕೆ ಸರಿಹೊಂದುವ ಭಾಗವನ್ನೂ ಅಡಿ-ಅಂಗುಲಗಳಿಗೆ ಹೊಂದುವ ಭಾಗವನ್ನೂ ಬೇರ್ಪಡಿಸಿದರೆ ಮನೆಯ ಪದರಗಳು ಸ್ವಲ್ಪಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಅಟ್ಟದ ಗ್ರಂಥಗಳು

ಹಸ್ತಪ್ರತಿಗಳ ಅಭ್ಯಾಸಿಗೆ ಈ ಮನೆಗಳು ಮುಖ್ಯವಾಗುವುದು ಇಲ್ಲಿಯೇ. ಒಲೆಯ ಹೊಗೆ ತಾಗುವ ಅಟ್ಟ ತೇವಕ್ಕೂ ಹುಳುವಿಗೂ ಒಳ್ಳೆಯ ತಡೆ. ಅಲ್ಲಿ ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟುಗಳು, ಹುಣಿಸೆಬೀಜದ ಸರಿ ಮತ್ತು ಇದ್ದಿಲುಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳು, 1799ರಲ್ಲಿ ಕೆನರಾ ಇಂಗ್ಲಿಷ್ ಕಂಪನಿಗೆ ಸೇರಿದ ಮೇಲಿನ ಮುದ್ರೆಕಾಗದದ ಪತ್ರಗಳು ಒಟ್ಟಿಗೆ ಇರುವುದುಂಟು. ಗ್ರಂಥಗಳಿಗಾಗಿ ಹೋದವರು ಓಲೆಗರಿಯನ್ನು ಆರಿಸಿ ಲೆಕ್ಕಪತ್ರಗಳನ್ನು ಬಿಟ್ಟರೆ ಆಗುವ ನಷ್ಟ ಅಲ್ಪವಲ್ಲ.

ಪ್ರತಿಯ ಅಂತ್ಯದಲ್ಲಿ ಲಿಪಿಕಾರನು ಅನೇಕ ವೇಳೆ ಶಕವರ್ಷವನ್ನು ಬಿಟ್ಟು ಸಂವತ್ಸರ, ಮಾಸ, ತಿಥಿಗಳನ್ನು ಮಾತ್ರ ಕೊಡುತ್ತಾನೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ರಕ್ತಾಕ್ಷಿ ಎಂದಿದ್ದರೆ ಅದು 1744ರಲ್ಲಿ ಆರಂಭವಾದುದೋ, 1804ರದೋ, 1864ರದೋ? ಲಿಪಿಯ ಆಧಾರದಿಂದ ಅರವತ್ತು ವರ್ಷಗಳ ವ್ಯತ್ಯಾಸವನ್ನು ನಿಶ್ಚಯಿಸುವುದು ಕಷ್ಟ. ಆದರೆ ಬರೆಯಿಸಿದ ಯಜಮಾನನ ಹೆಸರು ಅದೇ ಮನೆಯ ಗೇಣಿಚೀಟಿಯಲ್ಲಿ ಇಸವಿಯೊಡನೆ ದೊರೆತರೆ ಸಮಸ್ಯೆ ಪರಿಹಾರವಾಗುವ ಸಂಭವವಿದೆ. ಅಳಿಯಸಂತಾನದಲ್ಲಿ ಮಾವನ ಹೆಸರು ಅಳಿಯನ ಪೀಳಿಗೆಯಲ್ಲಿ ಮರಳಿ ಬರಬಹುದಾದುದರಿಂದ ಒಂದೇ ಪತ್ರವನ್ನು ನಂಬದೆ ಪತ್ರಗಳ ಸಾಲನ್ನೇ ನೋಡಬೇಕಾಗುತ್ತದೆ. ಮೂರು ಕಳಸೆಗೆ ಒಂದು ಮುಡಿ, ಮುಡಿಯೊಂದಕ್ಕೆ 42 ಸೇರು ಎಂಬ ಕ್ರಮದಲ್ಲಿ ಬರೆದ ಅಕ್ಕಿಯ ಲೆಕ್ಕಗಳಲ್ಲಿ ಬಸದಿಗೆ ಸಂದುದು, ಪುರೋಹಿತನಿಗೆ ಕೊಟ್ಟುದು ದಾಖಲಾಗಿದ್ದರೆ ಶಾಸ್ತ್ರದಾನದ ಆರ್ಥಿಕ ಮುಖವೂ ಬೆಳಕಿಗೆ ಬರುತ್ತದೆ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಮೂಡುಬಿದಿರೆ, ಕಾರ್ಕಳಗಳ ಜೊತೆಗೆ ಅಳಿಯೂರಿನಂಥ ಹಳ್ಳಿಯ ಭಂಡಾರವೂ ಸೇರಿರುವುದು ಅರ್ಥಪೂರ್ಣ. ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳನ್ನು ಮಠ, ಬಸದಿಗಳು ಕಾಪಾಡಿದವು; ಪುರಾಣ, ವ್ರತಕಥೆ, ವೈದ್ಯ, ಜ್ಯೋತಿಷಗಳ ಪ್ರತಿಗಳಿಗೆ ಹಳ್ಳಿಯ ಮನೆಗಳೂ ಆಶ್ರಯವಾದವು.

ಮನೆಯ ಇನ್ನೊಂದು ಮುಖ

ಈ ಮನೆಗಳನ್ನು ವೈಭವದ ದೃಷ್ಟಿಯಿಂದ ಮಾತ್ರ ವರ್ಣಿಸುವುದು ಇತಿಹಾಸವಾಗಲಾರದು. ಯಾರು ಚಾವಡಿಯಲ್ಲಿ ಕುಳಿತರು, ಯಾರು ಜಗಲಿಯ ಕೆಳಗೆ ನಿಂತರು, ಯಾರು ಅಂಗಳದ ಅಂಚನ್ನೂ ದಾಟಲಿಲ್ಲ ಎಂಬುದು ನಕ್ಷೆಯಲ್ಲಿಯೇ ಅಡಗಿದೆ. ಕಣಜವನ್ನು ತುಂಬಿದವರು ಕಣಜದ ಕೋಣೆಯನ್ನು ಕಂಡವರಲ್ಲ. ಕೊರಗ ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ಕರ್ನಾಟಕದ ಶಾಸನಸಭೆ ಕಾಯಿದೆಯಿಂದ ನಿಷೇಧಿಸಿದುದು 2000ದಲ್ಲಿ ಎಂಬುದನ್ನು ನೆನೆದರೆ ಈ ಗೆರೆಗಳು ಎಷ್ಟು ಆಳವಾಗಿದ್ದುವೆಂದು ತಿಳಿಯುತ್ತದೆ. ದಾಖಲಾತಿಯಲ್ಲಿ ಈ ಗೆರೆಗಳನ್ನೂ ಗುರುತಿಸಬೇಕು. ಮನೆಯವರ ಹೇಳಿಕೆಯ ಜೊತೆಗೆ ಒಕ್ಕಲಿನವರ, ಆಳುಗಳ ಸಂತತಿಯವರ ಹೇಳಿಕೆಯನ್ನೂ ಬರೆದುಕೊಳ್ಳಬೇಕು.

ಮದರಾಸು ಸರಕಾರದ 1949ರ ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು; 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವಾರಸಿನ ಕ್ರಮವನ್ನು ಬದಲಿಸಿತು; 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಭೂಮಿ ಉಳುವವರಿಗೆ ಸಂದಿತು. ನ್ಯಾಯದ ದೃಷ್ಟಿಯಿಂದ ಇದು ಆಗಬೇಕಾದುದೇ ಆಗಿತ್ತು. ಆದರೆ ಗೇಣಿಯ ಅಕ್ಕಿ ನಿಂತ ಮೇಲೆ ಅಷ್ಟು ದೊಡ್ಡ ಮಾಡನ್ನು ಹೊದಿಸುವ ಶಕ್ತಿ ಅನೇಕ ಮನೆಗಳಿಗೆ ಉಳಿಯಲಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಲವು ಹಳೆಯ ಮನೆಗಳನ್ನು ಬಿಚ್ಚಿ ತಂದು ಪುನಃ ನಿಲ್ಲಿಸಿ ಉಳಿಸಿದ್ದು ಸ್ತುತ್ಯ ಕಾರ್ಯ. ಎಲ್ಲ ಮನೆಗಳಿಗೂ ಆ ಭಾಗ್ಯ ದೊರೆಯಲಾರದು. ಉಳಿದವನ್ನು ಕಾಗದದ ಮೇಲಾದರೂ ಉಳಿಸಬೇಕಾಗಿದೆ.

ಉಪಸಂಹಾರ

ಕ್ಷೇತ್ರಕಾರ್ಯಕ್ಕೆ ಹೋಗುವವರು ಈ ಕೆಲವು ಅಂಶಗಳನ್ನು ಗಮನಿಸುವುದು ಉಚಿತ. ಒಂದು, ಕಟ್ಟನ್ನು ಅಟ್ಟದಿಂದ ಇಳಿಸುವ ಮುನ್ನ ಅದು ಇದ್ದ ಸ್ಥಳ, ಪೆಟ್ಟಿಗೆ, ಜೊತೆಗಿದ್ದ ಇತರ ಪತ್ರಗಳು ಇವುಗಳ ಟಿಪ್ಪಣಿ ಮತ್ತು ಛಾಯಾಚಿತ್ರ ಆಗಬೇಕು. ಎರಡು, ಅಳತೆಗೊಂಡ ನಕ್ಷೆಯ ಮೇಲೆ ಆ ಸ್ಥಳವನ್ನು ಗುರುತಿಸಿ ಅದರ ಸಂಖ್ಯೆಯನ್ನು ಗ್ರಂಥಸೂಚಿಯಲ್ಲಿಯೂ ಕೊಡಬೇಕು. ಮೂರು, ಕೋಣೆ, ಮರ, ಕೀಲುಗಳ ತುಳು ಹೆಸರುಗಳನ್ನು ಮನೆಯವರ ಮತ್ತು ಬಡಗಿಗಳ ಬಾಯಿಂದಲೇ ಸಂಗ್ರಹಿಸಿ, ಉಡುಪಿಯಲ್ಲಿ 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟಿನೊಡನೆ ಹೋಲಿಸಬೇಕು. ನಾಲ್ಕು, ಲೆಕ್ಕದ ಕಡತಗಳನ್ನು ನಿರುಪಯುಕ್ತವೆಂದು ಬಿಡಬಾರದು. ಬಳಪದ ಬರಹ ಒಂದು ಒದ್ದೆ ಬಟ್ಟೆಗೆ ಅಳಿಸಿಹೋಗುವಂಥದು.

ಹಸ್ತಪ್ರತಿ ಭಂಡಾರವನ್ನು ಸೇರಿದಾಗ ಪಾಠ ಉಳಿಯುತ್ತದೆ. ಅದನ್ನು ಯಾರು, ಯಾವ ಬೆಳೆಯ ಬಲದಿಂದ, ಯಾರ ಓದಿಗಾಗಿ ಬರೆಯಿಸಿದರು ಎಂಬುದಕ್ಕೆ ಉತ್ತರ ಮಾತ್ರ ಹಿಂದೆ ಬಿಟ್ಟುಬಂದ ಮನೆಯಲ್ಲಿದೆ. ಮನೆ ನಿಂತಿರುವಾಗಲೇ ಆ ಉತ್ತರವನ್ನು ಬರೆದುಕೊಳ್ಳುವುದು ಗ್ರಂಥಸಂಪಾದನೆಯ ಅಂಗವೆಂದೇ ವಿದ್ವಾಂಸರು ಪರಿಗಣಿಸಬೇಕು.